ಸೊಂಟದ ಮಣಿಗಳ ಬೆಸುಗೆ

ಸೊಂಟದ ಮಣಿಗಳನ್ನು ಬೆಸೆಯಲು ಹೊಟ್ಟೆಯ ಕಡೆಯಿಂದ ಹೋಗುವುದು ಲೇಸೋ, ಬೆನ್ನಿನ ಕಡೆಯಿಂದಲೋ ಎಂದು ವಾಚಕರೊಬ್ಬರು ನಮ್ಮನ್ನು ಕೇಳಿರುವರು.

1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು ಬೆನ್ನೆಲುಬಿನ ಕ್ಷಯಕ್ಕಾಗಿ ಬೆನ್ನಿನ ಕಡೆಯಿಂದ ಮಣಿಗಳನ್ನು ಬೆಸೆದರು. 1933ರಲ್ಲಿ ಇಂಗ್ಲೆಂಡಿನ ಬರ್ನ್ಸ್ ಎಂಬವರು, ಜಾರಿದ ಮಣಿಯನ್ನು ನಿಲ್ಲಿಸಲು ಹೊಟ್ಟೆಯ ಕಡೆಯಿಂದ ಹೋದರು.

ಬೆನ್ನಿನ ಮಾರ್ಗದಲ್ಲಿ ಅದುಮಿದ ನರವನ್ನು ನೇರವಾಗಿ ಬಿಡಿಸಬಹುದು. ಆದರೆ ಸ್ನಾಯುಗಳು ನೋಯುವುವು. ಹೊಟ್ಟೆಯ ಮಾರ್ಗದಲ್ಲಿ ಬೆನ್ನಿನ ಸ್ನಾಯುಗಳು ಉಳಿಯುವುವು, ಮಣಿಗಳ ನಡುವೆ ದೊಡ್ಡ ಆಧಾರವನ್ನಿಡಬಹುದು. ಆದರೆ ದೊಡ್ಡ ರಕ್ತನಾಳಗಳನ್ನು ಸರಿಸಬೇಕಾಗುವುದು.

ಆದುದರಿಂದ ಮಾರ್ಗದ ಮೇಲ್ಮೆಯು ರೋಗವನ್ನು ಅವಲಂಬಿಸಿದೆ. “ಬೆಸುಗೆಯೇ ಬೇಕೆ? ಬೇಕಾದರೆ ಈ ಮಾರ್ಗವೇ ಏಕೆ?” ಎಂದು ವೈದ್ಯರನ್ನು ಮೊದಲೇ ಕೇಳತಕ್ಕದ್ದು. ಎಲುಬು ಕೂಡುವುದು ತಿಂಗಳುಗಳ ಕೆಲಸ. ಹೊಗೆಸೊಪ್ಪು ಅದಕ್ಕೆ ವೈರಿ. ಅದನ್ನು ಬಿಡುವುದು ಮಾತ್ರ ರೋಗಿಯ ಕೈಯಲ್ಲಿಯೇ ಇದೆ.