ವಾಟ್ಸ್ಆ್ಯಪ್ ಕರೆ ಅಮೆರಿಕಕ್ಕೆ ಫ್ರೀ, ದುಬೈಗೆ ಯಾಕಿಲ್ಲ?

ತಳೇಗಾಂವ ದಾಭಾಡೆ (ಪುಣೆ): ಪುಣೆ-ಮುಂಬೈ ಹಳೆ ಹೆದ್ದಾರಿ ಬದಿಯ ತಳೇಗಾಂವ ದಾಭಾಡೆ ಇವತ್ತು ಕಾರ್ಖಾನೆಗಳ ಊರು. ಬ್ರಿಟನ್ ಮೂಲದ ಜೆಸಿಬಿ ಇಲ್ಲಿದೆ. ಜನರಲ್ ಮೋಟರ್ಸ್ ಬಿಟ್ಟುಹೋದ ಕಾರು ಘಟಕವನ್ನು ದಕ್ಷಿಣ ಕೊರಿಯಾದ ಹ್ಯುಂಡೈ ಕೊಂಡುಕೊಂಡಿದೆ. ಇಂಥ ಕಂಪನಿಗಳ ಕಚೇರಿಯಲ್ಲಿ ಕುಳಿತ ಎಂಜಿನಿಯರ್‌ಗೆ ವಿದೇಶಕ್ಕೆ ಮಾತಾಡುವುದು ಈಗ ಖರ್ಚಿನ ಬಾಬ್ತೇ ಅಲ್ಲ. ಟೀಮ್ಸ್ ತೆರೆದರೆ ಲಂಡನ್ನೂ ಒಂದೇ, ಸೋಲೂ ಒಂದೇ. ಅದೇ ಊರಿನ ಬಾಡಿಗೆ ಕೋಣೆಯಲ್ಲಿ, ವಿಜಯಪುರದಿಂದಲೋ ಕಲಬುರಗಿಯಿಂದಲೋ ಕೆಲಸ ಹುಡುಕಿಕೊಂಡು ಬಂದವರ ತಮ್ಮ ದುಬೈನಲ್ಲಿದ್ದರೆ ಕಥೆ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಫೋಟೊ ಹೋಗುತ್ತದೆ, ವಾಯ್ಸ್ ನೋಟ್ ಕೂಡ ಹೋಗುತ್ತದೆ. ಕರೆ ಮಾತ್ರ ಕೂಡುವುದಿಲ್ಲ.

ಇಂಟರ್ನೆಟ್ ಬಂದ ಮೇಲೆ ವಿದೇಶಿ ಕರೆ ಪುಕ್ಕಟೆಯಾಯಿತು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನೆಟ್ ಕರೆಯ ಲಾಭ ಯಾರಿಗೆ ಎಷ್ಟು ಸಿಗಬೇಕು ಎಂಬುದನ್ನು ತೀರ್ಮಾನಿಸುವುದು ತಂತ್ರಜ್ಞಾನವಲ್ಲ, ಆ ತುದಿಯಲ್ಲಿರುವ ದೇಶದ ಕಾನೂನು ಮತ್ತು ಈ ತುದಿಯಲ್ಲಿರುವವರ ಕೈಯಲ್ಲಿನ ಫೋನು. ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಉದ್ಯೋಗಿಗೆ ಉಚಿತವಾಗಿ ಸಿಗುವ ಮಾತು, ಅಜ್ಮಾನ್‌ನ ಕಾರ್ಮಿಕ ಶಿಬಿರದಲ್ಲಿರುವ ಉಡುಪಿಯ ಹುಡುಗನಿಗೆ ಸಿಗುವುದಿಲ್ಲ. ಯಾರಿಗೆ ಹೆಚ್ಚು ಅಗತ್ಯವೋ ಅವರೇ ಹೆಚ್ಚು ಕೊಡುತ್ತಿದ್ದಾರೆ.

ಯಾಕಿಷ್ಟು ಅಗ್ಗ?

ಮಾಮೂಲಿ ಐಎಸ್‌ಡಿ ಕರೆಯಲ್ಲಿ ನಿಮ್ಮ ದನಿ ಇಲ್ಲಿನ ಕಂಪನಿಯಿಂದ ಅಂತಾರಾಷ್ಟ್ರೀಯ ಜಾಲಕ್ಕೆ, ಅಲ್ಲಿಂದ ಆ ದೇಶದ ಕಂಪನಿಗೆ ಹೋಗುತ್ತದೆ. ಕೊನೆಗೆ ಕರೆಯನ್ನು ಫೋನಿಗೆ ಮುಟ್ಟಿಸುವ ಕಂಪನಿ ನಿಮಿಷಕ್ಕಿಷ್ಟು ಎಂದು ಸುಂಕ ವಸೂಲಿ ಮಾಡುತ್ತದೆ. ಭಾರತಕ್ಕೆ ಬರುವ ವಿದೇಶಿ ಕರೆಗೂ ಈ ಸುಂಕ ಇದೆ. 2018ರಲ್ಲಿ ಟ್ರಾಯ್ ಅದನ್ನು 53 ಪೈಸೆಯಿಂದ 30 ಪೈಸೆಗೆ ಇಳಿಸಿತ್ತು. 2020ರ ಮೇ ತಿಂಗಳಿಂದ 35ರಿಂದ 65 ಪೈಸೆಯೊಳಗೆ ಎಷ್ಟಾದರೂ ಇಟ್ಟುಕೊಳ್ಳಿ ಎಂದು ಕಂಪನಿಗಳಿಗೇ ಬಿಟ್ಟಿತು. ನೆಟ್ ಕರೆಯಲ್ಲಿ ಈ ಗೇಟುಗಳೇ ಇಲ್ಲ. ದನಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ, ಇಮೇಲ್, ಫೋಟೊ, ರೀಲ್ಸ್‌ಗಳ ಜತೆ ಅದೇ ಕೇಬಲ್‌ನಲ್ಲಿ ಸಾಗುತ್ತದೆ. ವಾಯ್ಸ್ ಕಾಲ್‌ಗೆ ನಿಮಿಷಕ್ಕೆ ಹೆಚ್ಚು ಕಡಿಮೆ ಅರ್ಧ ಎಂಬಿ ಡೇಟಾ ಸಾಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಒಂದು ತಾಸು ಮಾತಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಇದು ಎಂಥ ಬದಲಾವಣೆ ಎಂಬುದು ಹಳೆಯ ದರ ನೋಡಿದರೆ ಗೊತ್ತಾಗುತ್ತದೆ. 1990ರ ದಶಕದಲ್ಲಿ ಅಮೆರಿಕಕ್ಕೆ ಒಂದು ನಿಮಿಷ ಮಾತಾಡಲು 60 ರೂಪಾಯಿಗೂ ಹೆಚ್ಚು ಬೇಕಿತ್ತು. ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ ಬೂತಿನಲ್ಲಿ ಕೆಂಪು ಅಂಕಿಗಳು ಓಡುತ್ತಿರುವಾಗ ಮಾತು ಮುಗಿಸುವ ಗಡಿಬಿಡಿಯನ್ನು ನನ್ನ ವಯಸ್ಸಿನವರು ಹಿರಿಯರ ಬಾಯಲ್ಲಿ ಕೇಳಿದ್ದಷ್ಟೇ. "ಆರಾಮ? ಊಟ ಆಯ್ತಾ? ಇಡ್ತೀನಿ" ಎಂಬಲ್ಲಿಗೆ ಆ ತಿಂಗಳ ಬಜೆಟ್ ಮುಗಿಯುತ್ತಿತ್ತು.

ಪುಣೆ ಜಿಲ್ಲೆಗೆ ಈ ಇತಿಹಾಸದಲ್ಲಿ ಸಣ್ಣ ಪಾತ್ರವೇನಿಲ್ಲ. ಭಾರತದಿಂದ ಇಂಗ್ಲೆಂಡಿಗೆ 1927ರಲ್ಲಿ ಶುರುವಾದ ರೇಡಿಯೊ ತಂತಿ ಸೇವೆಯ ಪ್ರಸಾರ ಕೇಂದ್ರ ಇದ್ದದ್ದು ಪುಣೆ ಮಗ್ಗುಲಿನ ಖಡಕಿಯಲ್ಲಿ, ಸ್ವೀಕಾರ ಕೇಂದ್ರ ಇದೇ ಜಿಲ್ಲೆಯ ದೌಂಡ್‌ನಲ್ಲಿ. ಲಂಡನ್ ಜತೆ ರೇಡಿಯೊ ದೂರವಾಣಿ ಸಂಪರ್ಕ 1933ರಲ್ಲಿ ಬಂತು. 1970ರ ದಶಕದ ಆರಂಭದಲ್ಲಿ ಉಪಗ್ರಹದ ಮೂಲಕ ವಿದೇಶಿ ಕರೆಗಳನ್ನು ಹಾಯಿಸಲು ದೇಶದ ಮೊದಲ ವಾಣಿಜ್ಯ ಭೂಕೇಂದ್ರ ತಲೆ ಎತ್ತಿದ್ದು ಜುನ್ನರ್ ತಾಲೂಕಿನ ಆರ್ವಿಯಲ್ಲಿ. ಅಷ್ಟು ದೊಡ್ಡ ಡಿಶ್ ಮಾಡುತ್ತಿದ್ದ ಕೆಲಸವನ್ನು ಈಗ ಜೇಬಿನಲ್ಲಿರುವ ಫೋನೇ ಮಾಡುತ್ತದೆ.

ನಾವೂ ನಿಷೇಧಿಸಿದ್ದೆವು

ಕೊಲ್ಲಿ ದೇಶಗಳನ್ನು ದೂರುವ ಮುನ್ನ ಒಂದು ವಿಷಯ ನೆನಪಿಡಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆದರೆ ಇಂಟರ್ನೆಟ್‌ನಲ್ಲಿ ಫೋನ್ ಕರೆ ಮಾಡುವುದು 2002ರ ಮಾರ್ಚ್ ಮುಗಿಯುವವರೆಗೂ ಕಾನೂನುಬಾಹಿರವೇ ಆಗಿತ್ತು. ಕಾರಣ ಸರಳ. ವಿದೇಶಿ ಕರೆಯ ಏಕಸ್ವಾಮ್ಯ ವಿಎಸ್‌ಎನ್‌ಎಲ್ ಕೈಯಲ್ಲಿತ್ತು, ಸರ್ಕಾರಕ್ಕೆ ಅದು ಕರೆಯುವ ಹಸು. ಏಕಸ್ವಾಮ್ಯ ಕೊನೆಗೊಂಡದ್ದೂ ನೆಟ್ ಟೆಲಿಫೋನಿಗೆ ಬಾಗಿಲು ತೆರೆದದ್ದೂ ಒಟ್ಟಿಗೇ, 2002ರ ಏಪ್ರಿಲ್ 1ರಿಂದ. ಆಗಲೂ ಕಂಪ್ಯೂಟರ್‌ನಿಂದ ವಿದೇಶದ ಫೋನಿಗೆ ಕರೆ ಮಾಡಬಹುದಿತ್ತು, ಪಕ್ಕದೂರಿನ ಫೋನಿಗೆ ಮಾಡುವಂತಿರಲಿಲ್ಲ. ಒಳನಾಡಿನ ಎಸ್‌ಟಿಡಿ ಆದಾಯ ಉಳಿಯಬೇಕಿತ್ತಲ್ಲ.

ಮರು ವರ್ಷ ಸ್ಕೈಪ್ ಬಂತು. 2015ರಲ್ಲಿ ವಾಟ್ಸ್ಆ್ಯಪ್ ವಾಯ್ಸ್ ಕಾಲ್, 2016ರ ಕೊನೆಗೆ ವಿಡಿಯೊ ಕಾಲ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಡೇಟಾ ಬೆಲೆಯನ್ನೇ ನೆಲಕ್ಕಿಳಿಸಿತು. ಈ ಮಧ್ಯೆ ಟೆಲಿಕಾಂ ಕಂಪನಿಗಳು ಸುಮ್ಮನಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ನೆಟ್ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಹೇಳಿತ್ತು. ಗ್ರಾಹಕರ ಸಿಟ್ಟಿಗೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಅಲ್ಲಿಂದ ಎದ್ದ ನೆಟ್ ನ್ಯೂಟ್ರಾಲಿಟಿ ಚರ್ಚೆ 2016ರ ಫೆಬ್ರುವರಿ 8ರ ಟ್ರಾಯ್ ಆದೇಶಕ್ಕೆ ಬಂದು ನಿಂತಿತು: ಯಾವ ಆ್ಯಪ್ ಬಳಸುತ್ತೀರಿ ಎಂಬುದನ್ನು ನೋಡಿ ಡೇಟಾ ದರ ಬದಲಿಸುವಂತಿಲ್ಲ. ಇವತ್ತು ನಾವು ಮೆಲ್ಬರ್ನ್‌ನಲ್ಲಿರುವ ಅಕ್ಕನ ಜತೆ ಗಂಟೆಗಟ್ಟಲೆ ಹರಟುತ್ತಿರುವುದು ಈ ಆದೇಶದ ನೆರಳಲ್ಲೇ. "ನಮ್ಮಂತೆ ಸೇವೆ ಕೊಡುವವರಿಗೆ ನಮ್ಮಂತೆಯೇ ನಿಯಮ ಇರಲಿ" ಎಂಬ ಕಂಪನಿಗಳ ಹಟ ಮಾತ್ರ ಈಗಲೂ ಬಿಟ್ಟಿಲ್ಲ. 2023ರ ಜುಲೈನಲ್ಲಿ ಟ್ರಾಯ್ ಇದೇ ವಿಷಯದ ಮೇಲೆ ಮತ್ತೊಂದು ಸಮಾಲೋಚನಾ ಪತ್ರ ಹೊರಡಿಸಿತ್ತು.

ದುಬೈ ಲೆಕ್ಕ

ಯುಎಇಯಲ್ಲಿರುವ ಭಾರತೀಯರ ಸಂಖ್ಯೆ 35 ಲಕ್ಷಕ್ಕೂ ಹೆಚ್ಚು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿನ ದುಡಿಮೆಯಿಂದ. ಅಲ್ಲಿ ನೆಟ್ ಕರೆ ಸೇವೆ ನೀಡಲು ಪರವಾನಗಿ ಪಡೆದ ಟೆಲಿಕಾಂ ಕಂಪನಿಗಳ ಒಪ್ಪಿಗೆ ಬೇಕು. ಇರುವುದು ಎತಿಸಲಾತ್ ಮತ್ತು ಡು, ಎರಡರಲ್ಲೂ ಸರ್ಕಾರದ ದೊಡ್ಡ ಪಾಲಿದೆ. ವಾಟ್ಸ್ಆ್ಯಪ್ ಕರೆಗೆ ಒಪ್ಪಿಗೆ ಇಲ್ಲ. ಬದಲಿಗೆ ಬೋಟಿಮ್‌ನಂಥ ಆ್ಯಪ್‌ಗಳಿವೆ. 2018ರ ಆರಂಭದಲ್ಲಿ ಈ ಆ್ಯಪ್‌ಗಳಿಗೆಂದು ತಂದ ಕಾಲಿಂಗ್ ಪ್ಯಾಕ್‌ಗೆ ತಿಂಗಳಿಗೆ 50 ದಿರ್ಹಮ್ ನಿಗದಿಯಾಗಿತ್ತು, ಆಗಿನ ಲೆಕ್ಕದಲ್ಲಿ ನಮ್ಮ 850 ರೂಪಾಯಿಯಷ್ಟು. ಡೇಟಾ ಖರ್ಚು ಬೇರೆ.

ಗಮನಿಸಬೇಕಾದ್ದು ಇನ್ನೊಂದಿದೆ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಮನೆಯಿಂದ ಕೆಲಸ ಮತ್ತು ಆನ್‌ಲೈನ್ ಪಾಠಕ್ಕೆಂದು ಯುಎಇ ಟೀಮ್ಸ್, ಜೂಮ್ ಮುಂತಾದವುಗಳಿಗೆ ಅನುಮತಿ ಕೊಟ್ಟಿತು. ಅಂದರೆ ತಾಂತ್ರಿಕ ಅಡ್ಡಿ ಯಾವುದೂ ಇರಲಿಲ್ಲ. ಕಚೇರಿಯವರು ಬಳಸುವ ದಾರಿ ತೆರೆಯಿತು, ಕಾರ್ಮಿಕರು ಬಳಸುವ ದಾರಿ ಮುಚ್ಚಿಯೇ ಇತ್ತು. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲೇ ನೆಟ್ ಕರೆಯ ನಿಷೇಧ ತೆಗೆದಿತ್ತು, ತನ್ನ ನಿಯಮಗಳನ್ನು ಪಾಲಿಸುವ ಆ್ಯಪ್‌ಗಳಿಗಷ್ಟೇ ಎಂಬ ಷರತ್ತಿನೊಂದಿಗೆ. ಹಾಗಾಗಿ ವಾಟ್ಸ್ಆ್ಯಪ್ ಕರೆ ಅಲ್ಲಿ ಕೂಡಲೇ ಶುರುವಾಗಲಿಲ್ಲ.

"ವಿಪಿಎನ್ ಹಾಕಿದರೆ ಆಯ್ತು" ಎಂಬ ಸಲಹೆ ಗಲ್ಫ್ ಗ್ರೂಪ್‌ಗಳಲ್ಲಿ ಧಾರಾಳವಾಗಿ ಹರಿದಾಡುತ್ತದೆ. ಹೇಳುವವರಿಗೆ ಸುಲಭ. ಯುಎಇ ಸೈಬರ್ ಕಾನೂನಿನ ಪ್ರಕಾರ ಅಪರಾಧ ಎಸಗಲು ವಿಪಿಎನ್ ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ನಿಷೇಧಿತ ಸೇವೆಯನ್ನು ಕದ್ದು ಬಳಸುವುದು ಈ ವ್ಯಾಪ್ತಿಗೆ ಬರುವ ಅಪಾಯ ಇದ್ದೇ ಇದೆ. ಮನೆಗೆ ಒಂದು ಫೋನ್ ಮಾಡಲು ಯಾರೂ ಅಂಥ ಜೂಜಿಗೆ ಇಳಿಯಬೇಕಾಗಿ ಬರಬಾರದು.

ಇತ್ತ ಕಡೆಯಿಂದ ಮಾಡಿದರೂ ತಾರತಮ್ಯ ತಪ್ಪಿದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಜಿಯೊ ಬಿಡುಗಡೆ ಮಾಡಿದ ಐಎಸ್‌ಡಿ ಪ್ಯಾಕ್‌ಗಳನ್ನೇ ನೋಡಿ. ಅಮೆರಿಕ, ಕೆನಡಾಕ್ಕೆ 39 ರೂಪಾಯಿಗೆ 30 ನಿಮಿಷ. ಯುಎಇ, ಸೌದಿ, ಕುವೈತ್, ಬಹರೇನ್‌ಗೆ 99 ರೂಪಾಯಿಗೆ 10 ನಿಮಿಷ. ಒಂದು ನಿಮಿಷಕ್ಕೆ ಅಲ್ಲಿಗೆ 1 ರೂಪಾಯಿ 30 ಪೈಸೆ, ಇಲ್ಲಿಗೆ ಸುಮಾರು 10 ರೂಪಾಯಿ. ದೂರ ನೋಡಿದರೆ ಮಂಗಳೂರಿನಿಂದ ದುಬೈ ಮೂರು-ನಾಲ್ಕು ತಾಸಿನ ವಿಮಾನ ಪ್ರಯಾಣ, ಅಮೆರಿಕಕ್ಕೆ ಒಂದು ಇಡೀ ದಿನ ಬೇಕು.

ಸ್ಥಳೀಯ ನಂಬರ್‌ನಿಂದ ಬರುವ ವಿದೇಶಿ ಕರೆ

ಎಲ್ಲಿ ದುಬಾರಿಯೋ ಅಲ್ಲಿ ಕಳ್ಳದಾರಿ ಹುಟ್ಟುತ್ತದೆ. ಗಲ್ಫ್‌ನಿಂದ ಮಗ ಮಾತಾಡುತ್ತಾನೆ, ಫೋನಿನ ಪರದೆಯ ಮೇಲೆ ಮಾತ್ರ ಇಲ್ಲಿನದೇ ಹತ್ತಂಕಿಯ ಮೊಬೈಲ್ ನಂಬರ್ ಕಾಣಿಸುತ್ತದೆ. ಅದು ಸಿಮ್ ಬಾಕ್ಸ್ ಎಂಬ ಪೆಟ್ಟಿಗೆಯ ಕೆಲಸ. ವಿದೇಶದ ಕರೆಯನ್ನು ಇಂಟರ್ನೆಟ್‌ನಲ್ಲಿ ಇಲ್ಲಿಯ ಯಾವುದೋ ಕೋಣೆಗೆ ತಂದು, ಅಲ್ಲಿಂದ ಸ್ಥಳೀಯ ಸಿಮ್ ಮೂಲಕ ಹೊರಬಿಡುತ್ತಾರೆ. ಅಂತಾರಾಷ್ಟ್ರೀಯ ಸುಂಕ ಉಳಿಯುತ್ತದೆ, ಕರೆ ಎಲ್ಲಿಂದ ಬಂತೆಂಬ ದಾಖಲೆಯೂ ಅಳಿಸಿಹೋಗುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನಾ ಗುಪ್ತಚರ ವಿಭಾಗ ಜಂಟಿಯಾಗಿ ಇಂಥ ಅಕ್ರಮ ಎಕ್ಸ್‌ಚೇಂಜ್ ಮೇಲೆ ದಾಳಿ ಮಾಡಿದಾಗ 30ಕ್ಕೂ ಹೆಚ್ಚು ಸಿಮ್ ಬಾಕ್ಸ್ ಸಿಕ್ಕಿದ್ದವು, ಒಮ್ಮೆಗೆ 960 ಸಿಮ್ ಹಾಕಬಹುದಾದಷ್ಟು. ಅಗ್ಗದ ಕಾಲಿಂಗ್ ಸೇವೆ ಕೊಳ್ಳುವ ಬಡ ಕಾರ್ಮಿಕನಿಗೆ ತನ್ನ ಮಾತು ಇಂಥ ಕೋಣೆಯ ಮೂಲಕ ಹಾಯುತ್ತಿದೆ ಎಂದು ಗೊತ್ತಾಗುವುದಾದರೂ ಹೇಗೆ?

ಇದೇ ತಂತ್ರದ ಇನ್ನೊಂದು ಮುಖ ವಂಚಕರ ಕೈಯಲ್ಲಿದೆ. 'ಡಿಜಿಟಲ್ ಅರೆಸ್ಟ್' ಹೆಸರಲ್ಲಿ ಹೆದರಿಸುವವರು ಬಳಸುವುದು ಇವೇ ವಿಡಿಯೊ ಕರೆಗಳನ್ನು. 2024ರಲ್ಲಿ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರ ಮೈಕ್ರೋಸಾಫ್ಟ್ ನೆರವಿನಿಂದ ಸಾವಿರಕ್ಕೂ ಹೆಚ್ಚು ಸ್ಕೈಪ್ ಐಡಿಗಳನ್ನು ಮುಚ್ಚಿಸಿತು. ಭಾರತದ ನಂಬರ್‌ನ ವೇಷ ಹಾಕಿ ಬರುವ ವಿದೇಶಿ ಕರೆಗಳನ್ನು ತಡೆಯುವ ವ್ಯವಸ್ಥೆ ಅದೇ ಅಕ್ಟೋಬರ್‌ನಲ್ಲಿ ಜಾರಿಯಾದಾಗ ಮೊದಲ 24 ತಾಸಿನಲ್ಲೇ 1.35 ಕೋಟಿ ಕರೆಗಳು ಸಿಕ್ಕಿಬಿದ್ದವು.

ಕೀಪ್ಯಾಡ್ ಫೋನಿನ ಅಮ್ಮ

ಸ್ಕೈಪ್ 2025ರ ಮೇ 5ರಂದು ಬಾಗಿಲು ಹಾಕಿತು. ಹೊಸ ಪೀಳಿಗೆ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು, ಹಾಗಾಗಿ ಸುದ್ದಿಯೂ ಒಂದು ದಿನದಲ್ಲಿ ತಣ್ಣಗಾಯಿತು. ಆದರೆ ಹೋದದ್ದು ವಿಡಿಯೊ ಚಾಟ್ ಮಾತ್ರವಲ್ಲ. ಸ್ಕೈಪ್‌ನಲ್ಲಿ ಸ್ವಲ್ಪ ದುಡ್ಡು ಹಾಕಿಟ್ಟರೆ ವಿದೇಶದಿಂದ ಊರಿನ ಯಾವುದೇ ಲ್ಯಾಂಡ್‌ಲೈನ್‌ಗೆ, ಬಟನ್ ಮೊಬೈಲಿಗೆ ಅಗ್ಗವಾಗಿ ಕರೆ ಮಾಡಬಹುದಿತ್ತು. ಆ ಕಡೆಯವರಿಗೆ ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ, ಆ್ಯಪ್ ಎಂದರೇನೆಂದು ಗೊತ್ತಿರುವುದೂ ಬೇಡ. ವಾಟ್ಸ್ಆ್ಯಪ್ ಈ ಕೆಲಸ ಮಾಡುವುದಿಲ್ಲ. ಅದರಿಂದ ಬ್ಯಾಂಕಿನ ಕೌಂಟರಿಗೆ, ಆಸ್ಪತ್ರೆಯ ಲ್ಯಾಂಡ್‌ಲೈನಿಗೆ, ಅಕ್ಕಪಕ್ಕದ ಅಂಗಡಿಗೆ ಕರೆ ಹೋಗದು. ತುರ್ತು ಸಂಖ್ಯೆ 112ಕ್ಕೂ ಹೋಗದು.

ಮಲೆನಾಡಿನ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಡೇಟಾ ಅಂತೂ ಮೊದಲೇ ಹೋಗಿರುತ್ತದೆ. ಅಂಥ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ-ಅಮ್ಮನಿಗೆ ಮಗಳು ಬರ್ಲಿನ್‌ನಿಂದ ಸಾಮಾನ್ಯ ಫೋನಿಗೇ ಕರೆ ಮಾಡಬೇಕಾಗುತ್ತದೆ. ವೈಬರ್ ಔಟ್, ರೆಬ್ಟೆಲ್‌ನಂಥ ಸೇವೆಗಳು ಈ ಕೆಲಸಕ್ಕೆ ಈಗಲೂ ಇವೆ. ಬಳಸುವ ಮುನ್ನ ನಿಮಿಷದ ದರದ ಜತೆ, ಒಮ್ಮೆ ಹಾಕಿದ ದುಡ್ಡು ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲಿಂದ ಹೋಗುವವರು ಊರಿನ ಸಿಮ್ ಅನ್ನು ಹಾಗೇ ಬಿಟ್ಟು ವೈಫೈ ಕಾಲಿಂಗ್ ನೆಚ್ಚಿಕೊಳ್ಳುವುದೂ ಇದೆ. ವಿದೇಶದಲ್ಲಿದ್ದಾಗ ಅದಕ್ಕೆ ಊರಿನ ದರವೋ ರೋಮಿಂಗ್ ದರವೋ ಎಂಬುದನ್ನು ವಿಮಾನ ಹತ್ತುವ ಮೊದಲೇ ತಮ್ಮ ಕಂಪನಿಯಲ್ಲಿ ಕೇಳಿ ತಿಳಿಯಬೇಕು. ಬಿಲ್ ಬಂದ ಮೇಲೆ ಕೇಳಿ ಉಪಯೋಗವಿಲ್ಲ.

ಗಲ್ಫ್ ವಿಷಯಕ್ಕೆ ಮಾತ್ರ ಗ್ರಾಹಕರ ಜಾಣತನ ಸಾಲದು, ಅಲ್ಲಿ ಸರ್ಕಾರಗಳೇ ಮಾತಾಡಬೇಕು. ಭಾರತ ಮತ್ತು ಯುಎಇ ನಡುವೆ 2022ರ ಮೇ 1ರಿಂದ ಸಮಗ್ರ ಆರ್ಥಿಕ ಒಪ್ಪಂದ ಜಾರಿಯಲ್ಲಿದೆ. 2023ರ ಜುಲೈನಲ್ಲಿ ಎರಡೂ ದೇಶಗಳ ಕೇಂದ್ರೀಯ ಬ್ಯಾಂಕ್‌ಗಳು ನಮ್ಮ ಯುಪಿಐಯನ್ನು ಅಲ್ಲಿನ ಪಾವತಿ ವ್ಯವಸ್ಥೆಗೆ ಜೋಡಿಸಲು ಕೈಕುಲುಕಿದವು. ದುಡಿದ ಹಣ ಫೋನಿನಲ್ಲೇ ಸಲೀಸಾಗಿ ಮನೆಗೆ ಬರಲಿ ಎಂಬುದು ಎರಡೂ ಕಡೆಯವರ ಆಸೆ. ಹಣ ಬಂತು ಎಂದು ಅದೇ ಫೋನಿನಲ್ಲಿ ಮಗನಿಗೆ ಹೇಳಲು ಅಮ್ಮ ಸದ್ಯಕ್ಕೆ ವಾಯ್ಸ್ ನೋಟ್ ಕಳಿಸಿ, ಅವನು ಡ್ಯೂಟಿ ಮುಗಿಸಿ ಕೇಳುವವರೆಗೆ ಕಾಯುತ್ತಾಳೆ.