ನಿಂತವನೂ ಓಟಗಾರನೇ

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬೆಳೆದಿದ್ದೇವೆ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕನಾಗಿರುವ ನಾನೂ ಇದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಮುಂಬಯಿಯ ಮ್ಯಾರಥಾನಿನಲ್ಲಿ ಓಡಿ ಬಂದ ಮೇಲೆ ಮಾತ್ರ ಈ ಮಾತಿಗೆ ಇನ್ನೊಂದು ಮಾತನ್ನು ಸೇರಿಸಬೇಕೆಂದು ನನಗೆ ಅನ್ನಿಸಿದೆ.

ಮ್ಯಾರಥಾನ್ ಎಂದರೆ 42 ಕಿಲೋಮೀಟರು 195 ಮೀಟರು ದೂರದ ಓಟ. 1896ರಲ್ಲಿ ಅಥೆನ್ಸ್ ನಗರದಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಈ ಓಟವಿತ್ತು. ಇಂದು ಬಾಸ್ಟನ್, ಲಂಡನ್, ನ್ಯೂಯಾರ್ಕ್, ಟೋಕಿಯೋದಂತಹ ದೊಡ್ಡ ನಗರಗಳು ವರ್ಷಕ್ಕೊಮ್ಮೆ ತಮ್ಮ ರಸ್ತೆಗಳನ್ನು ಓಟಗಾರರಿಗೆ ಬಿಟ್ಟುಕೊಡುತ್ತವೆ. ನಮ್ಮ ಮುಂಬಯಿಯಲ್ಲಿ ಇಂದಿನ ಸ್ವರೂಪದ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು. ಬಹುಮಾನಕ್ಕಾಗಿ ಓಡುವ ಆಫ್ರಿಕಾ ಖಂಡದ ವೀರರು, ಸೇನೆಯ ಜವಾನರು, ಗೃಹಿಣಿಯರು, ನಿವೃತ್ತರಾದ ಅಜ್ಜಂದಿರು, ಅಂಗವಿಕಲರು ಎಲ್ಲರೂ ಅಂದು ಒಂದೇ ನಗರದ ಬೀದಿಗಳಲ್ಲಿ ಸಾಗುತ್ತಾರೆ. ಅದೊಂದು ದೊಡ್ಡ ಜಾತ್ರೆಯೇ ಸರಿ.

ಆ ಜಾತ್ರೆಗೆ ಹೋಗಬೇಕೆಂಬ ಆಸೆ ನನಗೂ ಹುಟ್ಟಿತು. ಆರು ತಿಂಗಳು ನಸುಕಿನಲ್ಲೆದ್ದು ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಓಡಿದೆ. ಮೊದಮೊದಲು ಊರವರು ನಕ್ಕರು. “ಯಾರೂ ಬೆನ್ನ ಹತ್ತಿಲ್ಲ, ಸರ ಯಾಕ ಓಡ್ಲಿಕ್ಕತ್ತಾರ?” ಎಂದು ಚಹದಂಗಡಿಯ ಮುಂದೆ ಕುಳಿತವರು ಕೇಳುತ್ತಿದ್ದರು. ಕ್ರಮೇಣ ಅವರಿಗೂ ಅಭಿಮಾನ ಬಂತು. ಹೊರಡುವ ದಿನ ಶಾಲೆಯ ಮಕ್ಕಳು ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟು, “ಪದಕ ತೊಗೊಂಡ ಬರ್ರಿ ಸರ” ಎಂದು ಬೀಳ್ಕೊಟ್ಟರು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಅದಕ್ಕೆ ನಾಲ್ಕು ದಿನ ಮೊದಲು ನನಗೆ ಜ್ವರ ಬಂದಿತ್ತು. ಜ್ವರ ಇಳಿದಿದ್ದರೂ ಮೈಯಲ್ಲಿ ಕಸುವು ಬಂದಿರಲಿಲ್ಲ. ಊರಿಗೆ ಊರೇ ಕಳಿಸಿಕೊಡುತ್ತಿರುವಾಗ ಬರಲಾರೆ ಎಂದು ಹೇಳುವುದು ಹೇಗೆ? ಸೊಲ್ಲಾಪುರಕ್ಕೆ ಬಂದು ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದೆ.

ಓಟದ ದಿನ ಬೆಳಕು ಹರಿಯುವ ಮೊದಲೇ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಮುಂದೆ ಸಾವಿರಾರು ಜನ ನೆರೆದಿದ್ದರು. ಗುರುತಿಲ್ಲದವರೂ ಪರಸ್ಪರ ಕೈಕುಲುಕುತ್ತಿದ್ದರು. ಓಟ ಆರಂಭವಾಯಿತು. ಮರೀನ್ ಡ್ರೈವಿನಲ್ಲಿ ಸಮುದ್ರದ ಗಾಳಿ, ಹಾಜಿ ಅಲಿಯ ಹತ್ತಿರ ನಸುಬೆಳಕು, ವರಳಿಯಿಂದ ಬಾಂದ್ರಾಕ್ಕೆ ಹೋಗುವ ಸಾಗರ ಸೇತುವೆಯ ಮೇಲೆ ಏರುತ್ತಿರುವ ಸೂರ್ಯ. ದಿನವೂ ವಾಹನಗಳಷ್ಟೇ ಓಡುವ ಆ ಸೇತುವೆಯ ಮೇಲೆ ನನ್ನ ಹೆಜ್ಜೆಯ ಸಪ್ಪಳ ನನಗೇ ಕೇಳಿಸುತ್ತಿತ್ತು. ಮಾಹಿಮ್ ದಾಟಿ ಹಿಂದಿರುಗುವಾಗ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ತಾಯಂದಿರು ಕಿತ್ತಳೆಯ ತೊಳೆ, ಬೆಲ್ಲದ ಚೂರು, ಬಿಸ್ಕೀಟು ಹಿಡಿದು ಕರೆಯುತ್ತಿದ್ದರು. ಎದೆಯ ಮೇಲಿನ ಚೀಟಿಯಲ್ಲಿ ನನ್ನ ಹೆಸರನ್ನು ಓದಿ, ಮನೆಯ ಮಗನನ್ನು ಕೂಗುವಂತೆ ಕೂಗಿದವರೂ ಇದ್ದರು. ದೊಡ್ಡ ನಗರದಲ್ಲಿ ಯಾರಿಗೆ ಯಾರೂ ಇಲ್ಲ ಎಂಬ ನನ್ನ ತಿಳಿವಳಿಕೆ ಅಂದು ಸುಳ್ಳಾಯಿತು.

ಪೆಡ್ಡರ್ ರಸ್ತೆಯ ಏರು ಬರುವ ಹೊತ್ತಿಗೆ ಸುಮಾರು 35 ಕಿಲೋಮೀಟರು ಕಳೆದಿತ್ತು. ಓಟಗಾರರೆಲ್ಲ ಅಂಜುವ ಜಾಗವದು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಶಕ್ತಿ ಸಂಗ್ರಹವಾಗಿರುತ್ತದೆ. 30 ಕಿಲೋಮೀಟರು ದಾಟಿದ ಮೇಲೆ ಹಲವರಲ್ಲಿ ಆ ಸಂಗ್ರಹ ಬರಿದಾಗುತ್ತ ಬರುತ್ತದೆ. ಕಾಲು ಭಾರವಾಗುತ್ತದೆ, ಮನಸ್ಸು ಕುಗ್ಗುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ, ಅದಕ್ಕೆ ಸಿದ್ಧನೂ ಆಗಿದ್ದೆ. ಆದರೆ ಅಂದು ನನಗಾದದ್ದು ಬೇರೆ. ಸುಡುವ ಬಿಸಿಲಿನಲ್ಲಿ ನನಗೆ ಚಳಿ ಹತ್ತಿತು. ಮೈ ಜುಮ್ಮೆಂದಿತು. ಎದುರಿಗೆ ಬರೆದಿದ್ದ ಅಂಕಿಯನ್ನು ಓದಲು ಆಗಲಿಲ್ಲ. ನಾನು ಎಲ್ಲಿದ್ದೇನೆ ಎಂಬುದೇ ಒಂದು ಕ್ಷಣ ಮರೆತುಹೋಯಿತು. ಸುತ್ತಲಿನವರು ಮಾತ್ರ ಹುರಿದುಂಬಿಸುತ್ತಲೇ ಇದ್ದರು: “ನಿಲ್ಲಬೇಡಿ, ಇನ್ನು ಸ್ವಲ್ಪವೇ ಉಳಿದಿದೆ!”

ನಾನು ನಿಂತೆ. ಸ್ವಯಂಸೇವಕಿಯೊಬ್ಬಳು ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ದಳು. ಅವರು ಮಲಗಿಸಿ, ತಲೆ ಮತ್ತು ಕತ್ತಿನ ಮೇಲೆ ಮಂಜುಗಡ್ಡೆ ಇಟ್ಟರು. ಜ್ವರದ ವಿಷಯ ತಿಳಿದಾಗ ಅವರ ಮುಖ ಗಂಭೀರವಾಯಿತು. “ಸರಿಯಾದ ಹೊತ್ತಿಗೆ ನಿಂತಿರಿ” ಎಂದಷ್ಟೇ ಹೇಳಿದರು. ಉಳಿದ ದಾರಿಯನ್ನು ನಾನು ವಾಹನದಲ್ಲಿ ಕುಳಿತು ಮುಗಿಸಿದೆ. ಕಿಟಕಿಯಿಂದ ಓಟಗಾರರನ್ನು ನೋಡುತ್ತ ಕಣ್ಣು ತುಂಬಿ ಬಂತು.

ಸೋಮವಾರ ಶಾಲೆಗೆ ಹೋದಾಗ ಮಕ್ಕಳು ಸುತ್ತುವರಿದರು. “ಪದಕ ಎಲ್ಲೈತ್ರಿ ಸರ?” ನಡೆದುದನ್ನು ಹೇಳಿದೆ. ತರಗತಿ ಮೌನವಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಮೆಲ್ಲಗೆ ಎದ್ದು ನಿಂತು ಕೇಳಿದ: “ಅರ್ಧಕ್ಕ ಬಿಡಬಾರದು ಅಂತ ನೀವ ಹೇಳಿದ್ರಲ್ಲರಿ ಸರ?” ಅವನಲ್ಲಿ ಕುಚೋದ್ಯವಿರಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ಅಂದು ನಾನು ಉತ್ತರಿಸಲಿಲ್ಲ. ಈ ಬರಹವೇ ಅವನಿಗೆ ನನ್ನ ಉತ್ತರ.

ಕೊನೆ ಮುಟ್ಟಿದವರ ಕಥೆಗಳನ್ನು ನಾವು ಸಂತೋಷದಿಂದ ಹೇಳುತ್ತೇವೆ, ಹೇಳಬೇಕಾದ್ದೇ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ದಾರಿಯಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಕಾಲಿಗೆ ಪಟ್ಟಿ ಕಟ್ಟಿಕೊಂಡು, ಕುಂಟುತ್ತ, ವಿಜೇತರು ಬಂದು ಒಂದು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ಎಲ್ಲರಿಗಿಂತ ಕೊನೆಯವರಾಗಿ ಗುರಿ ಮುಟ್ಟಿದರು. ಆ ದೃಶ್ಯವನ್ನು ಜಗತ್ತು ಇಂದಿಗೂ ಮರೆತಿಲ್ಲ.

ಆದರೆ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನೂ ನಾವು ಮರೆಯಬಾರದು. ಅಂದು ಬಿಸಿಲು ವಿಪರೀತವಾಗಿತ್ತು. ಓಟ ಆರಂಭಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಕೊನೆ ಮುಟ್ಟಲಿಲ್ಲ. ಪೋರ್ಚುಗಲ್ ದೇಶದ ತರುಣ ಫ್ರಾನ್ಸಿಸ್ಕೋ ಲಾಜಾರೋ ಕುಸಿದು ಬೀಳುವವರೆಗೂ ಓಡಿದರು. ಮರುದಿನ ಅವರು ತೀರಿಕೊಂಡರು. ಅದೇ ಓಟದಲ್ಲಿದ್ದ ಜಪಾನಿನ ಶಿಜೋ ಕನಕುರಿ ಬಿಸಿಲಿಗೆ ಬಳಲಿ ನಡುದಾರಿಯಲ್ಲಿ ನಿಂತುಬಿಟ್ಟರು. ದಾರಿಬದಿಯ ಒಂದು ಮನೆಯವರು ಅವರನ್ನು ಉಪಚರಿಸಿದರು. ನಾಚಿಕೆಯಿಂದ ಅವರು ಯಾರಿಗೂ ತಿಳಿಸದೆ ಊರಿಗೆ ಮರಳಿದರು. ಆದರೆ ಓಟವನ್ನು ಬಿಡಲಿಲ್ಲ. 1920 ಮತ್ತು 1924ರ ಒಲಿಂಪಿಕ್ಸ್‌ಗಳಲ್ಲಿ ಮತ್ತೆ ಓಡಿದರು. ಜಪಾನಿನ ಪ್ರಸಿದ್ಧವಾದ ಹಕೋನೆ ರಿಲೇ ಓಟವನ್ನು 1920ರಲ್ಲಿ ಆರಂಭಿಸಿದವರಲ್ಲಿ ಅವರೂ ಒಬ್ಬರು. 1967ರಲ್ಲಿ ಸ್ವೀಡನ್ ದೇಶದವರು ಈ ಹಿರಿಯರನ್ನು ಕರೆಸಿ, ಅಂದು ಬಿಟ್ಟ ಓಟವನ್ನು ಪೂರ್ಣಗೊಳಿಸಲು ಅವಕಾಶ ಕೊಟ್ಟರು. ಅವರು ಗುರಿ ಮುಟ್ಟಿದಾಗ ಕಳೆದಿದ್ದ ಕಾಲ 54 ವರ್ಷಕ್ಕೂ ಹೆಚ್ಚು! ನಿಂತವರು ಬದುಕಿ, ತರುಣರಿಗೆ ಓಟದ ದಾರಿ ತೋರಿದರು. ಅವರನ್ನು ಸೋತವರೆಂದು ಕರೆಯುವುದು ಹೇಗೆ?

ಇತ್ತೀಚಿನ ಉದಾಹರಣೆಯೂ ಇದೆ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನಿನಲ್ಲಿ ವಿಶ್ವದಾಖಲೆ ಮಾಡಿದವರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರು ಸುಮಾರು 36 ಕಿಲೋಮೀಟರು ಓಡಿ, ಮುಂದೆ ಸಾಗಲಾರದೆ ರಸ್ತೆಬದಿಯಲ್ಲಿ ಕುಳಿತು ಅತ್ತರು. ಟೀಕಿಸಿದವರು ಹಲವರು. ಅದೇ ವರ್ಷ ನವೆಂಬರಿನಲ್ಲಿ ಅವರು ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಮರುವರ್ಷ ವಿಶ್ವ ಚಾಂಪಿಯನ್ ಆದರು.

ಹಾಗಾದರೆ ಕಷ್ಟ ಬಂದೊಡನೆ ನಿಲ್ಲಬಹುದೇ? ಖಂಡಿತ ಇಲ್ಲ. ಕಾಲು ನೋಯದೆ, ಉಸಿರು ಕಟ್ಟದೆ ಮ್ಯಾರಥಾನ್ ಮುಗಿಸಿದವರು ಯಾರೂ ಇಲ್ಲ. ಯಾವಾಗ ತಾಳಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನನಗೆ ಚೆನ್ನಾಗಿ ತಿಳಿಸಿಕೊಟ್ಟವರು ನಮ್ಮ ಕಾಕಾ. ಮುಂಬಯಿಯಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದ ನನಗೆ ಅವರು ಹೇಳಿದರು: “ನೋಡು ತಮ್ಮಾ, ಎತ್ತು ನಿಂತಕೂಡ್ಲೆ ಬಾರುಕೋಲು ಎತ್ತಬಾರದು. ಮೈಗಳ್ಳತನಕ್ಕ ನಿಂತೈತೋ, ಜೀವಕ್ಕ ಆಗದ ನಿಂತೈತೋ ನೋಡಬೇಕು. ಮೈಗಳ್ಳ ಎತ್ತು ಒಂದ ಕೂಗಿಗೆ ಏಳ್ತದ. ಆಗದ ಎತ್ತಿಗೆ ಹೊಡದ್ರ ಹೊಲಾನೂ ಇಲ್ಲ, ಎತ್ತೂ ಇಲ್ಲ.”

ವೈದ್ಯರು ಹೇಳುವುದೂ ಇದನ್ನೇ. ಸ್ನಾಯುಗಳ ನೋವು, ದಣಿವು, ಬೇಸರ ಇವು ಓಟದ ಸಂಗಾತಿಗಳು. ಇವಕ್ಕೆ ಹೆದರಬೇಕಾಗಿಲ್ಲ. ಎದೆನೋವು, ತಲೆಸುತ್ತು, ಬಿಸಿಲಲ್ಲಿ ಚಳಿ, ಮತಿಗೆಟ್ಟಂತಾಗುವುದು ಇವು ಎಚ್ಚರಿಕೆಯ ಗಂಟೆಗಳು. ಕಡಲ ತೀರದ ಊರುಗಳ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ದೇಹದ ಶಾಖ ಮಿತಿ ಮೀರಿದರೆ ಅದು ಪ್ರಾಣಕ್ಕೇ ಅಪಾಯ. ಜ್ವರವಿದ್ದಾಗ ಅಥವಾ ಜ್ವರ ಬಿಟ್ಟ ಕೂಡಲೇ ಮೈಮುರಿದು ಓಡಿದರೆ ಹೃದಯಕ್ಕೂ ಹಾನಿಯಾಗಬಹುದು.

ಇಲ್ಲಿ ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಬೇಕು. ನನ್ನ ತಪ್ಪು ನಿಂತದ್ದಲ್ಲ, ಹೊರಟದ್ದು. ಆರು ತಿಂಗಳ ಅಭ್ಯಾಸ ವ್ಯರ್ಥವಾಗುತ್ತದೆ, ಊರವರು ಏನೆಂದುಕೊಂಡಾರು ಎಂಬ ಅಂಜಿಕೆಯಿಂದ ಮೈಯ ಮಾತನ್ನು ನಾನು ಕೇಳಲಿಲ್ಲ. ಛಲ ಬೇರೆ, ಹಟ ಬೇರೆ. ಛಲವುಳ್ಳವನು ಗುರಿಯನ್ನೂ ನೋಡುತ್ತಾನೆ, ದಾರಿಯನ್ನೂ ನೋಡುತ್ತಾನೆ. ಹಟಕ್ಕೆ ಬಿದ್ದವನು ನೋಡುವವರ ಕಣ್ಣುಗಳನ್ನಷ್ಟೇ ನೋಡುತ್ತಾನೆ.

ದಾರಿಬದಿಯಲ್ಲಿ ನಿಂತು ಹುರಿದುಂಬಿಸುವ ನಮಗೂ ಒಂದು ಹೊಣೆಯಿದೆ. ಓದಿನಲ್ಲಿ, ಆಟದಲ್ಲಿ, ದುಡಿಮೆಯಲ್ಲಿ ನಾವು ಮಕ್ಕಳಿಗೆ “ನಿಲ್ಲಬೇಡ, ನಿಲ್ಲಬೇಡ” ಎಂದಷ್ಟೇ ಕೂಗುತ್ತೇವೆ. “ಮೈ ಹೇಗಿದೆ? ನೀರು ಕುಡಿದೆಯಾ?” ಎಂದು ಕೇಳುವವರು ಕಡಿಮೆ. ಆ ದಿನ ನನ್ನ ಕೈಹಿಡಿದ ಸ್ವಯಂಸೇವಕಿ ಕೇಳಿದ್ದು ಆ ಎರಡು ಪ್ರಶ್ನೆಗಳನ್ನೇ.

ಎರಡು ವರ್ಷಗಳ ನಂತರ ನಾನು ಮತ್ತೆ ಮುಂಬಯಿಗೆ ಹೋದೆ. ಪೆಡ್ಡರ್ ರಸ್ತೆಯ ಏರಿನಲ್ಲಿ ಕಾಲು ನೋಯುತ್ತಿತ್ತು, ಆದರೆ ತಲೆ ತಿಳಿಯಾಗಿತ್ತು. ಆದ್ದರಿಂದ ಓಡಿದೆ. ತುಂಬ ತಡವಾಗಿ, ಬಹಳ ಜನರ ಹಿಂದೆ, ಗುರಿ ಮುಟ್ಟಿದೆ. ಪದಕವನ್ನು ತರಗತಿಯಲ್ಲಿ ಮೊದಲು ಆ ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, “ಈ ಸಲ ಜ್ವರ ಇರಲಿಲ್ಲೇನ್ರಿ ಸರ?” ಎಂದು ಕೇಳಿದ. “ಇರಲಿಲ್ಲ. ಇದ್ದಿದ್ದರೆ ಹೋಗುತ್ತಿರಲಿಲ್ಲ” ಎಂದೆ.

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದು ಎಂದು ನಾನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಜೊತೆಗೆ, ಕೆಲಸ ಹಿಡಿಯುವ ಮುನ್ನ ಮೈಯನ್ನು ಕೇಳಿ, ಅದು ನಿಲ್ಲು ಎಂದಾಗ ನಿಂತು ಮತ್ತೆ ಬನ್ನಿ ಎಂದೂ ಹೇಳುತ್ತೇನೆ.