ಮುಚ್ಚಿಡಬಾರದ ಗುಟ್ಟು

ಮಕ್ಕಳೇ, ಈ ವಾರ ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಅಡುಗೆಮನೆಯ ಡಬ್ಬಿಯಿಂದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ತಂದು ಅಜ್ಜಿಯ ಕೈಗೆ ಕೊಡಿ. ಯಾವುದು ಚೆನ್ನಾಗಿ ಒಣಗಿದೆ, ಯಾವುದರಲ್ಲಿ ಇನ್ನೂ ಹಸಿ ಉಳಿದಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಲು ಕೇಳಿ. ನಮ್ಮ ಹಾವೇರಿ ಜಿಲ್ಲೆಯ ಅಜ್ಜಿಯಾದರೆ ಥಟ್ಟನೆ ಹೇಳಿಬಿಡುತ್ತಾರೆ. ಸುಗ್ಗಿಯಲ್ಲಿ ದಿನವಿಡೀ ಕುಳಿತು ಕಾಯಿ ಆರಿಸಿ, ತೊಟ್ಟು ಬಿಡಿಸಿದ ಬೆರಳುಗಳು ಅವು. ಕೊಳೆತದ್ದು, ಬಿಳಿಚಿದ್ದು, ಹಸಿಯಾದದ್ದು ಯಾವುದೂ ಆ ಬೆರಳಿಗೆ ಸಿಗದೆ ಜಾರುವುದಿಲ್ಲ.

ನನ್ನ ಅಜ್ಜಿಯ ಬೆರಳೂ ಅಷ್ಟೇ ಚುರುಕು. ಆದರೆ ಒಮ್ಮೆ ಬೆರಳು ಕಂಡುಹಿಡಿದದ್ದನ್ನು ಬಾಯಿ ಹೇಳಲಿಲ್ಲ. ಆ ಕತೆ ಇವತ್ತು ಹೇಳುತ್ತೇನೆ.

ಆಗ ನಾನು ಆರನೇ ಇಯತ್ತೆ. ಬ್ಯಾಡಗಿ ಹತ್ತಿರದ ಹಳ್ಳಿ ನಮ್ಮದು. ದೀಪಾವಳಿಯ ದಿನ ಬಚ್ಚಲಲ್ಲಿ ಅಜ್ಜಿಯ ಬೆನ್ನು ಉಜ್ಜುತ್ತಿದ್ದೆ. ಅವಳು ಎಡ ಎದೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. "ಏನಾತಬೇ ಅಜ್ಜಿ?" ಅಂದೆ. "ಏನಿಲ್ಲವ್ವಾ, ಕಡ್ಲಿಕಾಳಿನಷ್ಟು ಗಂಟು ಐತಿ. ನೋವಿಲ್ಲ, ಏನಿಲ್ಲ. ತಾನ ಕರಗತೈತಿ. ಯಾರ ಮುಂದೂ ಹೇಳಬ್ಯಾಡ ನೋಡು" ಅಂದಳು. ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಳು.

ಅದೇ ಚಳಿಗಾಲದಲ್ಲಿ ನಮ್ಮ ಎಮ್ಮೆಯ ಕೆಚ್ಚಲು ಬಾತಿತು. ಬೆಳಗ್ಗೆ ಹಾಲು ಹಿಂಡುವಾಗ ಅಜ್ಜಿಯ ಕೈಗೇ ಅದು ತಿಳಿದದ್ದು. ಮಧ್ಯಾಹ್ನದೊಳಗೆ ಅಜ್ಜ ದನದ ಡಾಕ್ಟರನ್ನು ಕರೆತಂದಿದ್ದ. ಓಣಿಯವರೆಲ್ಲ ನಿಂತು ನೋಡಿದರು. ಎಮ್ಮೆ ವಾಸಿಯಾಯಿತು. ಅಜ್ಜಿಯ ಗಂಟು ಮಾತ್ರ ಸೆರಗಿನ ಮರೆಯಲ್ಲೇ ಉಳಿಯಿತು. ಮೊದಲು ಸುಗ್ಗಿ ಮುಗಿಯಲಿ ಅಂದಳು, ಆಮೇಲೆ ಚಿಕ್ಕಪ್ಪನ ಮದುವೆ ಮುಗಿಯಲಿ ಅಂದಳು. ಮುಂದಿನ ದೀಪಾವಳಿಯ ಹೊತ್ತಿಗೆ ಅಲ್ಲಿ ಹುಣ್ಣಾಗಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಡಾಕ್ಟರು, "ಒಂದು ವರ್ಷ ಮೊದಲೇ ಯಾಕೆ ಬರಲಿಲ್ಲ?" ಎಂದು ಕೇಳಿದರಂತೆ. ಉಗಾದಿಗೆ ಅಜ್ಜಿ ಇರಲಿಲ್ಲ.

ನಾನು ಕೊಟ್ಟ ಮಾತು ಉಳಿಸಿಕೊಂಡಿದ್ದೆ. ಜೀವನದಲ್ಲಿ ನಾನು ಮುರಿಯಬೇಕಾಗಿದ್ದ ಆಣೆ ಅದೊಂದೇ.

ಈಗ ಅಜ್ಜಿಯರೇ, ಅವ್ವಂದಿರೇ, ನಿಮ್ಮ ಹತ್ತಿರ ಮಾತು. ಮೊಲೆಹಾಲು ಎನ್ನಲು ನಮಗೆ ನಾಚಿಕೆಯಿಲ್ಲ. ಹಾಗಿದ್ದರೆ ಮೊಲೆಯಲ್ಲಿ ಗಂಟಾಗಿದೆ ಎನ್ನಲು ಯಾಕೆ ನಾಚಿಕೆ? "ನನಗೆ ವಯಸ್ಸಾಯಿತು, ಇನ್ನೇನು ಬರುತ್ತದೆ" ಎನ್ನುವವರೂ ಇದ್ದಾರೆ. ಸ್ತನ ಕ್ಯಾನ್ಸರಿನ ಸಂಭವ ವಯಸ್ಸಾದಂತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನೋಡಿಕೊಳ್ಳುವುದು ಕಷ್ಟವೇನಲ್ಲ. ಮುಟ್ಟು ಆಗುವವರು ಅದು ನಿಂತ ಮೂರ್ನಾಲ್ಕು ದಿನಗಳ ಮೇಲೆ ನೋಡಿಕೊಳ್ಳಿ. ಆಗ ಬಿಗಿತ, ನೋವು ಕಡಿಮೆ ಇರುತ್ತದೆ. ಮುಟ್ಟು ನಿಂತವರು ನೆನಪಿಗೆ ಸುಲಭವಾಗುವಂತೆ ಪ್ರತಿ ಹುಣ್ಣಿಮೆಗೆ ಎಂದು ಇಟ್ಟುಕೊಳ್ಳಬಹುದು. ಮೆಣಸಿನಕಾಯಿ ಕೆಲಸ ಮಾಡಿದ್ದರೆ ಮೊದಲು ಸೋಪು ಹಚ್ಚಿ ಕೈ ಚೆನ್ನಾಗಿ ತೊಳೆಯಿರಿ. ಇಲ್ಲದಿದ್ದರೆ ಉರಿ ಎಲ್ಲಿಂದ ಬಂತು ಎಂದು ಡಾಕ್ಟರಿಗೂ ತಿಳಿಯಲಿಕ್ಕಿಲ್ಲ!

ಮೊದಲು ಕಣ್ಣಿನ ಕೆಲಸ. ಕನ್ನಡಿಯ ಮುಂದೆ ನಿಂತು ಕೈ ಇಳಿಬಿಟ್ಟು ನೋಡಿ. ಆಮೇಲೆ ಕೈ ಮೇಲೆತ್ತಿ ನೋಡಿ. ಕೊನೆಗೆ ಸೊಂಟದ ಮೇಲೆ ಕೈ ಒತ್ತಿ ನೋಡಿ. ಒಂದು ಕಡೆಯ ಗಾತ್ರ ಅಥವಾ ಆಕಾರ ಹೊಸದಾಗಿ ಬದಲಾಗಿದೆಯೇ? ಚರ್ಮ ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದಿದೆಯೇ? ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗೆ, ಚುಕ್ಕೆಚುಕ್ಕೆಯಾಗಿ ಕಾಣುತ್ತಿದೆಯೇ? ಮೊದಲು ಹೊರಗಿದ್ದ ತೊಟ್ಟು ಒಳಕ್ಕೆ ಸೇರಿದೆಯೇ? ತೊಟ್ಟಿನಿಂದ ತಾನಾಗಿಯೇ ನೀರೋ ರಕ್ತವೋ ಬರುತ್ತಿದೆಯೇ? ಕೆಂಪಾಗಿದೆಯೇ, ವಾಸಿಯಾಗದ ಗಾಯವಿದೆಯೇ?

ಆಮೇಲೆ ಬೆರಳಿನ ಕೆಲಸ. ಮಲಗಿಕೊಂಡು, ಎಡ ಭುಜದ ಕೆಳಗೆ ಮಡಚಿದ ಸೀರೆ ಇಟ್ಟು, ಎಡಗೈ ತಲೆಯ ಹಿಂದೆ ಹಾಕಿಕೊಳ್ಳಿ. ಬಲಗೈಯ ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ, ರೂಪಾಯಿ ನಾಣ್ಯದಷ್ಟು ಅಗಲದ ಸಣ್ಣ ಸುತ್ತು ತಿರುಗಿಸುತ್ತ ಒತ್ತಿ ನೋಡಿ. ಮೊದಲು ಹಗುರ, ಆಮೇಲೆ ಸ್ವಲ್ಪ ಜೋರು, ಆಮೇಲೆ ಇನ್ನೂ ಜೋರು. ಹೊಲದಲ್ಲಿ ಕೂರಿಗೆ ಸಾಲು ಹಿಡಿದ ಹಾಗೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗಿ. ಕೊರಳ ಕೆಳಗಿನ ಮೂಳೆಯಿಂದ ಎದೆಯ ಕೆಳಗಿನ ಮಡಿಕೆಯವರೆಗೆ, ಕಂಕುಳಿಂದ ಎದೆಯ ನಡುವಿನ ಎಲುಬಿನವರೆಗೆ ಒಂದು ಸಾಲೂ ಬಿಡಬೇಡಿ. ಕಂಕುಳನ್ನೂ ಮುಟ್ಟಿ ನೋಡಿ. ಆಮೇಲೆ ಬಲಗಡೆಗೆ ಎಡಗೈಯಿಂದ ಹೀಗೆಯೇ ಮಾಡಿ.

ಸಿಕ್ಕಿದ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನ ಗಂಟುಗಳು ಅಪಾಯವಿಲ್ಲದವು. ಯಾವುದು ಎಂಥದ್ದು ಎಂದು ಡಾಕ್ಟರೇ ಹೇಳಬೇಕು. ನೋವಿಲ್ಲವೆಂದು ಮಾತ್ರ ಬಿಡಬೇಡಿ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನನ್ನ ಅಜ್ಜಿ ಮೋಸಹೋದದ್ದು ಅಲ್ಲಿಯೇ.

ಬೆರಳೊಂದೇ ಸಾಲದು ಎನ್ನುವುದಕ್ಕೆ ದೊಡ್ಡ ಸಾಕ್ಷಿಯೂ ಇದೆ. ಚೀನಾದ ಶಾಂಘೈ ನಗರದಲ್ಲಿ 2,66,000ಕ್ಕೂ ಹೆಚ್ಚು ಕಾರ್ಖಾನೆ ಕೆಲಸಗಾರ್ತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ತಾವೇ ಪರೀಕ್ಷಿಸಿಕೊಳ್ಳುವುದನ್ನು ಕಲಿಸಿದರು. 2002ರಲ್ಲಿ ಫಲಿತಾಂಶ ಬಂದಾಗ, ಅಪಾಯವಿಲ್ಲದ ಗಂಟುಗಳು ಹೆಚ್ಚು ಸಿಕ್ಕಿದ್ದವು, ಆದರೆ ಸಾವು ಕಡಿಮೆಯಾಗಿರಲಿಲ್ಲ. ಇನ್ನೊಂದು ನಮ್ಮ ದೇಶದ್ದೇ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ, ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ಅಧ್ಯಯನ ನಡೆಸಿದರು. ಅರ್ಧ ಜನರ ಸ್ತನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಶೇ 30ರ ಹತ್ತಿರ ಕಡಿಮೆಯಾಯಿತು. ಅಂದರೆ ನಮ್ಮ ಕೈ ನಮ್ಮ ಮೈಯನ್ನು ಪರಿಚಯ ಮಾಡಿಕೊಳ್ಳಬೇಕು, ಜೊತೆಗೆ ತಿಳಿದವರ ಕೈಗೂ ತೋರಿಸಬೇಕು. ಒಂದು ತಿಂಗಳು ತಪ್ಪಿತೆಂದು ಹೆದರಬೇಕಿಲ್ಲ. ಹೊಸದೇನಾದರೂ ಕಂಡರೆ ಮಾತ್ರ ಮುಂದಿನ ತಿಂಗಳಿಗೆ ಕಾಯಬಾರದು.

ಎಲ್ಲಿಗೆ ಹೋಗಬೇಕು? ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು. 30 ದಾಟಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡುವ ಸರ್ಕಾರಿ ಕಾರ್ಯಕ್ರಮವೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಬ್ಯಾಡಗಿ, ರಾಣೇಬೆನ್ನೂರಿನ ತಾಲ್ಲೂಕು ಆಸ್ಪತ್ರೆ, ಹಾವೇರಿಯ ಜಿಲ್ಲಾ ಆಸ್ಪತ್ರೆ ಎಲ್ಲಿಯಾದರೂ ತೋರಿಸಿ. ಬೇಕಾದರೆ ಅವರೇ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಕಳಿಸುತ್ತಾರೆ. ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಂ ಮಾಡಿ, ಅಗತ್ಯವಿದ್ದರೆ ಸೂಜಿಯಿಂದ ಸ್ವಲ್ಪ ಅಂಶ ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಹರಡುತ್ತದೆ ಎನ್ನುವುದು ಬರೀ ಹೆದರಿಕೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಅಜ್ಜಂದಿರೇ, ಬಸ್ಸಿಗೆ ಜೊತೆಯಾಗಿ ಹೋಗುವ ಕೆಲಸ ನಿಮ್ಮದು. ಅಪರೂಪಕ್ಕೆ ಗಂಡಸರಿಗೂ ಈ ಕಾಯಿಲೆ ಬರುತ್ತದೆ. ನಿಮ್ಮ ಎದೆಯಲ್ಲಿ ಗಂಟು ಕಂಡರೆ ನೀವೂ ತೋರಿಸಿ.

ಮಕ್ಕಳೇ, ನಿಮಗೆ ಈ ತಿಂಗಳ ತಿಂಗಳ ಪರೀಕ್ಷೆ ಬೇಡ. ದೊಡ್ಡವರಾಗುವ ವಯಸ್ಸಿನಲ್ಲಿ ಹುಡುಗಿಯರ ತೊಟ್ಟಿನ ಕೆಳಗೆ ಸಣ್ಣ ಗಟ್ಟಿ ಮೊಗ್ಗು ಮೂಡುತ್ತದೆ, ಮುಟ್ಟಿದರೆ ನೋಯುತ್ತದೆ. ಕೆಲವೊಮ್ಮೆ ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ. ಅದು ಬೆಳವಣಿಗೆ, ಕಾಯಿಲೆಯಲ್ಲ. ಕೆಲವು ಹುಡುಗರಿಗೂ ಹೀಗಾಗಿ ತಾನಾಗಿ ಇಳಿಯುತ್ತದೆ. ಅನುಮಾನವಿದ್ದರೆ ಅವ್ವನನ್ನು ಕೇಳಿ. ಇನ್ನು, ಕ್ಯಾನ್ಸರ್ ಅಂಟುರೋಗವಲ್ಲ. ಕಾಯಿಲೆಯಾದವರ ತಟ್ಟೆಯಲ್ಲಿ ಉಣ್ಣಬಹುದು, ಅವರ ಮಗ್ಗುಲಲ್ಲಿ ಮಲಗಬಹುದು.

ಈ ವಾರ ನಿಮಗೆ ಎರಡು ಕೆಲಸ. ಒಂದು, ಈ ಪುಟವನ್ನು ಅಜ್ಜಿಗೆ ಓದಿ ಹೇಳಿ. ಇನ್ನೊಂದು, ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಹುಣ್ಣಿಮೆಯ ಮನೆಯಲ್ಲಿ ಕೆಂಪು ಚುಕ್ಕೆ ಇಡಿ. ಅಜ್ಜಿ ಎಂದಾದರೂ "ಗಂಟು ಐತಿ, ಯಾರ ಮುಂದೂ ಹೇಳಬ್ಯಾಡ" ಅಂದರೆ, ಅವತ್ತೇ ಅವ್ವನಿಗೆ ಹೇಳಿ. ಅಜ್ಜಿ ಸಿಟ್ಟಾದರೆ ಆಗಲಿ. ಸಿಟ್ಟು ಮಾಡುವುದಕ್ಕಾದರೂ ಅಜ್ಜಿ ಇರಬೇಕಲ್ಲ!